ಹೊರದೇಶದ ಕೆಲಸ, ಕಳಿಸಿದವರ ಹೊಣೆ

ಊರಲ್ಲಿ ಕೆಲಸ ಮಾಡುವ ಉದ್ಯೋಗಿಗೆ ಜ್ವರ ಬಂದರೆ ಗುರುತಿನ ಡಾಕ್ಟರಿದ್ದಾರೆ. ಅಪಘಾತವಾದರೆ ಓಡಿಬರಲು ನೆಂಟರಿಷ್ಟರಿದ್ದಾರೆ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾದರೂ ಅಲ್ಲಿನ ಭಾಷೆ ಬರುತ್ತದೆ. ಅದೇ ಉದ್ಯೋಗಿಯನ್ನು ಕಂಪನಿ ಹೊರದೇಶಕ್ಕೆ ಕಳಿಸಿದಾಗ ಈ ಮೂರು ಆಸರೆಯೂ ಒಂದೇ ಸಲಕ್ಕೆ ತಪ್ಪಿಹೋಗುತ್ತವೆ. ಅವುಗಳ ಬದಲಿಗೆ ಬೇರೇನನ್ನಾದರೂ ಒದಗಿಸಬೇಕಾದದ್ದು ಕಳಿಸಿದ ಸಂಸ್ಥೆಯ ಕೆಲಸ. ವೀಸಾ, ಟಿಕೆಟ್, ಹೋಟೆಲ್ ಮೂರನ್ನೂ ಮುಗಿಸಿದರೆ ತಯಾರಿ ಮುಗಿಯಿತೆಂದು ಎಷ್ಟೋ ಸಂಸ್ಥೆಗಳು ಭಾವಿಸುತ್ತವೆ. ನಿಜವಾದ ತಯಾರಿ ಶುರುವಾಗುವುದೇ ಆಮೇಲೆ.

ಹೀಗೆ ಹೋಗುವವರಲ್ಲಿ ಮೂರು ಬಗೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಂದ ಅಮೆರಿಕ, ಜರ್ಮನಿ, ಜಪಾನಿನ ಗ್ರಾಹಕರ ಕಚೇರಿಗೆ ‘ಆನ್‌ಸೈಟ್’ ಹೋಗುವವರು ಮೊದಲನೆಯವರು. ಮಾರಿದ ಯಂತ್ರವನ್ನು ಕೂರಿಸಲು, ರಿಪೇರಿ ಮಾಡಲು ಆಫ್ರಿಕಾ, ಪಶ್ಚಿಮ ಏಷ್ಯಾಗಳಿಗೆ ಹೋಗುವ ಎಂಜಿನಿಯರ್, ಫಿಟ್ಟರ್‌ಗಳು ಎರಡನೆಯವರು. ಕೊಲ್ಲಿ ರಾಷ್ಟ್ರಗಳ ಕಟ್ಟಡ ಕಾಮಗಾರಿ, ಹೋಟೆಲ್, ಆಸ್ಪತ್ರೆಗಳಿಗೆ ಗುತ್ತಿಗೆಯ ಮೇಲೆ ಹೋಗುವವರು ಮೂರನೆಯವರು. ಮೂವರೂ ಎದುರಿಸುವ ಅಪಾಯಗಳು ಬೇರೆ ಬೇರೆ. ಕಳಿಸುವವರ ಹೊಣೆ ಮಾತ್ರ ಎಲ್ಲರ ವಿಷಯದಲ್ಲೂ ಒಂದೇ.

ಹೊಣೆ ಎಲ್ಲಿಯವರೆಗೆ?

ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟ ತೀರ್ಪು ನಾರ್ವೆಯದು. 2012ರ ಜೂನ್‌ನಲ್ಲಿ ಕೆನ್ಯಾದ ದಾದಾಬ್ ನಿರಾಶ್ರಿತರ ಶಿಬಿರದಲ್ಲಿ ನಾರ್ವೇಜಿಯನ್ ರೆಫ್ಯೂಜಿ ಕೌನ್ಸಿಲ್‌ನ ವಾಹನಗಳ ಮೇಲೆ ದಾಳಿ ನಡೆಯಿತು. ಚಾಲಕನೊಬ್ಬ ಸತ್ತ. ನಾಲ್ವರು ಸಿಬ್ಬಂದಿಯನ್ನು ಅಪಹರಿಸಿ ಸೊಮಾಲಿಯಾದೊಳಕ್ಕೆ ಒಯ್ಯಲಾಯಿತು. ನಾಲ್ಕು ದಿನಗಳ ನಂತರ ಅವರ ಬಿಡುಗಡೆಯಾಯಿತು. ಅವರಲ್ಲೊಬ್ಬರು ಸಂಸ್ಥೆಯ ಮೇಲೆ ದಾವೆ ಹೂಡಿದರು. 2015ರ ನವೆಂಬರ್‌ನಲ್ಲಿ ಓಸ್ಲೊ ಜಿಲ್ಲಾ ನ್ಯಾಯಾಲಯ ಸಂಸ್ಥೆಯದು ಗಂಭೀರ ನಿರ್ಲಕ್ಷ್ಯವೆಂದು ತೀರ್ಪಿತ್ತು, ಪರಿಹಾರ ಕೊಡಿಸಿತು. ಆ ಪ್ರದೇಶದಲ್ಲಿ ಅಪಹರಣ ನಡೆಯಬಹುದೆಂಬುದು ಸಂಸ್ಥೆಗೆ ಮೊದಲೇ ಗೊತ್ತಿತ್ತು, ಅದನ್ನು ತಗ್ಗಿಸುವ ದಾರಿಯೂ ಇತ್ತು, ಆದರೂ ಆ ದಿನ ಸಶಸ್ತ್ರ ಬೆಂಗಾವಲು ಬೇಡವೆಂದು ತೀರ್ಮಾನಿಸಲಾಗಿತ್ತು. ಸೇವಾ ಸಂಸ್ಥೆ ಎಂಬ ಕಾರಣಕ್ಕೆ ವಿನಾಯಿತಿ ಸಿಗಲಿಲ್ಲ. ಉದ್ಯೋಗಿ ತಾನಾಗಿ ಒಪ್ಪಿ ಹೋಗಿದ್ದ ಎಂಬುದೂ ಸಂಸ್ಥೆಯ ನೆರವಿಗೆ ಬರಲಿಲ್ಲ.

ಬೇರೆಯವರ ಭದ್ರತೆಯನ್ನು ಪೂರ್ತಿ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಲ್ಜೀರಿಯಾದ ಇನ್ ಅಮೆನಾಸ್ ಅನಿಲ ಘಟಕದ ಘಟನೆ ಸಾಕ್ಷಿ. 2013ರ ಜನವರಿಯಲ್ಲಿ ಉಗ್ರರು ಅಲ್ಲಿಗೆ ನುಗ್ಗಿದಾಗ ಹಲವು ದೇಶಗಳ ಸುಮಾರು 40 ಮಂದಿ ಸತ್ತರು. ಘಟಕದ ಪಾಲುದಾರರಲ್ಲಿ ಒಂದಾಗಿದ್ದ ನಾರ್ವೆಯ ಸ್ಟ್ಯಾಟ್‌ಆಯಿಲ್ ಕಂಪನಿ ತಾನೇ ತನಿಖೆ ಮಾಡಿಸಿ ವರದಿಯನ್ನು ಬಹಿರಂಗಪಡಿಸಿತು. ಹೊರಗಿನ ಕಾವಲನ್ನು ಅಲ್ಜೀರಿಯಾದ ಸೇನೆಗೆ ಬಿಟ್ಟು, ಆ ಕಾವಲು ಮುರಿದುಬಿದ್ದರೆ ಒಳಗಿನವರ ಗತಿಯೇನು ಎಂದು ಯೋಚಿಸದೇ ಹೋದದ್ದು ಅದರಲ್ಲಿ ಎದ್ದುಕಂಡಿತು.

ಭಾರತದ ಕಾನೂನಿನಲ್ಲೂ ಈ ಹೊಣೆಯ ಬೇರುಗಳಿವೆ. 1923ರ ಕಾರ್ಮಿಕ ಪರಿಹಾರ ಕಾಯ್ದೆಗೆ 1995ರಲ್ಲಿ ತಂದ ತಿದ್ದುಪಡಿ, ಇಲ್ಲಿನ ಕಂಪನಿಗಳು ಹೊರದೇಶದ ಕೆಲಸಕ್ಕೆಂದು ನೇಮಿಸಿಕೊಂಡವರನ್ನೂ ಪರಿಹಾರದ ವ್ಯಾಪ್ತಿಗೆ ತಂದಿತು. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕೆಲಸದ ನಿಮಿತ್ತ ಭೇಟಿ ಕೊಟ್ಟ ಜಾಗವನ್ನೂ, ಮಾಲೀಕರು ಒದಗಿಸಿದ ವಾಹನವನ್ನೂ ‘ಕೆಲಸದ ಸ್ಥಳ’ವೆಂದೇ ಎಣಿಸುತ್ತದೆ. ಕಾನೂನಿನಾಚೆಗೆ, ಉದ್ಯೋಗಿಗಳ ಪ್ರಯಾಣದ ಅಪಾಯಗಳನ್ನು ಸಂಸ್ಥೆಗಳು ಹೇಗೆ ನಿಭಾಯಿಸಬೇಕೆಂಬ ಮಾರ್ಗಸೂಚಿಯೊಂದನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆ 2021ರಲ್ಲಿ ಹೊರತಂದಿದೆ. ಅದರ ಹೆಸರು ಐಎಸ್‌ಒ 31030. ಅದನ್ನು ಪಾಲಿಸಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ನಾಳೆ ನ್ಯಾಯಾಲಯದಲ್ಲಿ ‘ಇಷ್ಟನ್ನಾದರೂ ಮಾಡಬಹುದಿತ್ತಲ್ಲ’ ಎಂದು ವಾದಿಸುವವರಿಗೆ ಅದು ಅಳತೆಗೋಲಾಗುತ್ತದೆ.

ಭಯ ಒಂದರದು, ಅಪಾಯ ಇನ್ನೊಂದರದು

ಅಪಾಯವೆಂದ ಕೂಡಲೇ ಬಾಂಬು, ಅಪಹರಣಗಳು ನೆನಪಾಗುತ್ತವೆ. ಹೊರದೇಶದಲ್ಲಿರುವವರನ್ನು ನಿಜಕ್ಕೂ ಹೆಚ್ಚಾಗಿ ಕಾಡುವುದು ರಸ್ತೆ, ಕಾಯಿಲೆ, ವಾಸದ ಜಾಗ ಮತ್ತು ಕಾಗದಪತ್ರ.

ರಸ್ತೆಯನ್ನೇ ನೋಡೋಣ. ಭಾರತದಲ್ಲಿ ವಾಹನ ಎಡಕ್ಕೆ ಓಡುತ್ತದೆ. ಅಮೆರಿಕ, ಯುರೋಪಿನ ಬಹುಪಾಲು, ಕೊಲ್ಲಿ ದೇಶಗಳು ಎಲ್ಲೆಡೆ ಬಲಕ್ಕೆ. ರಾತ್ರಿಯಿಡೀ ವಿಮಾನದಲ್ಲಿ ಕೂತು ಬೆಳಿಗ್ಗೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಎಂಜಿನಿಯರ್ ಅಲ್ಲೇ ಬಾಡಿಗೆ ಕಾರು ಹತ್ತಿ, ನಿದ್ದೆಗಣ್ಣಿನಲ್ಲಿ, ಎಡಗಡೆ ಸ್ಟೀರಿಂಗ್ ಹಿಡಿದು ಆಟೊಬಾನ್‌ಗೆ ನುಗ್ಗುವುದಕ್ಕಿಂತ ದೊಡ್ಡ ಅಪಾಯ ಆತನ ಇಡೀ ಪ್ರವಾಸದಲ್ಲಿ ಇನ್ನೊಂದಿರಲಾರದು. ರಸ್ತೆ ದಾಟುವಾಗಲೂ ಅಷ್ಟೇ. ಬಲಕ್ಕೆ ನೋಡಿ ಕಾಲಿಡುವ ಅಭ್ಯಾಸದವರಿಗೆ ವಾಹನ ಎಡದಿಂದ ಬರುತ್ತದೆ. ಇದನ್ನು ತಪ್ಪಿಸಲು ಒಂದೇ ಸಾಲಿನ ನಿಯಮ ಸಾಕು: ವಿಮಾನ ಇಳಿದ ದಿನ ಉದ್ಯೋಗಿ ವಾಹನ ಓಡಿಸಬಾರದು, ಕಂಪನಿಯೇ ಟ್ಯಾಕ್ಸಿಯ ಖರ್ಚು ಕೊಡಬೇಕು.

ವಾಸದ ಜಾಗದ ಅಪಾಯ ಎಂಥದ್ದೆಂದು ತೋರಿಸಿದ್ದು ಕುವೈತ್. 2024ರ ಜೂನ್ 12ರ ನಸುಕಿನಲ್ಲಿ ಮಂಗಾಫ್ ಪ್ರದೇಶದ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿತ್ತು. ಸತ್ತ ಸುಮಾರು 50 ಮಂದಿಯಲ್ಲಿ 45 ಮಂದಿ ಭಾರತೀಯರು. ಕೇರಳದವರೇ ಹೆಚ್ಚು, ಕಲಬುರಗಿ ಜಿಲ್ಲೆಯವರೂ ಒಬ್ಬರಿದ್ದರು. ಬೆಂಕಿ ಹತ್ತಿದ್ದು ಕೆಳ ಅಂತಸ್ತಿನಲ್ಲಿ. ಮೇಲಿನ ಮಹಡಿಗಳಲ್ಲಿ ಮಲಗಿದ್ದವರನ್ನು ಬಲಿ ತೆಗೆದುಕೊಂಡದ್ದು ಹೊಗೆ. ಒಂದು ಕೋಣೆಗೆ ಎಷ್ಟು ಮಂದಿ, ಹೊಗೆಯ ಅಲಾರಂ ಇದೆಯೇ, ತುರ್ತು ಬಾಗಿಲು ಮತ್ತು ತಾರಸಿಯ ಬಾಗಿಲು ತೆರೆಯುತ್ತವೆಯೇ, ಗ್ಯಾಸ್ ಸಿಲಿಂಡರ್‌ಗಳನ್ನು ಎಲ್ಲಿಟ್ಟಿದ್ದಾರೆ? ಇವನ್ನು ಕಳಿಸುವ ಸಂಸ್ಥೆಯ ಒಬ್ಬರು ಖುದ್ದಾಗಿ ಹೋಗಿ ನೋಡಬೇಕು. ಫೋಟೊ ನೋಡಿ ಒಪ್ಪುವ ವಿಷಯ ಇದಲ್ಲ.

ಬಿಸಿಲೂ ಕೊಲ್ಲುತ್ತದೆ. ಅದಕ್ಕೇ ಕೊಲ್ಲಿ ರಾಷ್ಟ್ರಗಳು ಬೇಸಿಗೆಯಲ್ಲಿ ಮಧ್ಯಾಹ್ನದ ಹೊರಾಂಗಣ ಕೆಲಸವನ್ನು ನಿಷೇಧಿಸಿವೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ, ಕತಾರ್‌ನಲ್ಲಿ ಜೂನ್ 1ರಿಂದ ಬೆಳಿಗ್ಗೆ 10ರಿಂದ 3.30ರವರೆಗೆ ಬಿಸಿಲಲ್ಲಿ ದುಡಿಸುವಂತಿಲ್ಲ. ಗುತ್ತಿಗೆಯ ಗಡುವು ಹತ್ತಿರ ಬಂದಾಗ ಈ ನಿಯಮ ಪಾಲನೆಯಾಗುತ್ತಿದೆಯೇ ಎಂದು ಕೇಳುವ ಹಕ್ಕು ಕಳಿಸಿದವರಿಗಿದೆ.

ಹೊರಡುವ ಮೊದಲು: ಕಾಗದಪತ್ರ

ಯಾವ ವೀಸಾದಲ್ಲಿ ಯಾವ ಕೆಲಸ ಮಾಡಬಹುದೆಂಬ ಗೆರೆಯನ್ನು ದಾಟುವುದು ಬಹಳ ಸುಲಭ, ಅದರ ಬೆಲೆ ಬಹಳ ದುಬಾರಿ. ಅಮೆರಿಕದ ಬಿ-1 ವೀಸಾ ವ್ಯವಹಾರದ ಸಭೆ, ಮಾತುಕತೆಗಳಿಗಾಗಿ ಇರುವಂಥದ್ದು, ಅಲ್ಲಿ ಕೂತು ಉದ್ಯೋಗ ಮಾಡುವುದಕ್ಕಲ್ಲ. ಈ ವೀಸಾದ ಬಳಕೆಗೆ ಸಂಬಂಧಿಸಿದ ಪ್ರಕರಣವನ್ನು ಇತ್ಯರ್ಥಗೊಳಿಸಲು ಇನ್ಫೊಸಿಸ್ 2013ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರಕ್ಕೆ 3.4 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ವೀಸಾ ವಂಚನೆಯ ಆರೋಪವನ್ನು ಕಂಪನಿ ನಿರಾಕರಿಸಿತ್ತು. ಆದರೂ ಆ ಒಪ್ಪಂದದ ನಂತರ ಇಡೀ ಉದ್ಯಮ ಎಚ್ಚೆತ್ತುಕೊಂಡಿತು. ಕಂಪನಿಗೆ ಇದು ದಂಡದ ಮಾತಾದರೆ ಉದ್ಯೋಗಿಗೆ ವಿಮಾನ ನಿಲ್ದಾಣದಿಂದಲೇ ವಾಪಸ್ ಬರುವ, ಮುಂದಿನ ವೀಸಾಗಳೂ ಸಿಗದೇ ಹೋಗುವ ಮಾತು. ‘ಮೀಟಿಂಗ್‌ಗೆ ಬಂದಿದ್ದೇನೆ ಎಂದು ಹೇಳಿಬಿಡು’ ಎಂದು ಮ್ಯಾನೇಜರ್ ಬಾಯಿಮಾತಿನಲ್ಲಿ ಕೊಟ್ಟ ಸಲಹೆಗೆ ಇಮಿಗ್ರೇಷನ್ ಅಧಿಕಾರಿಯ ಮುಂದೆ ಉತ್ತರ ಕೊಡಬೇಕಾದವನು ಉದ್ಯೋಗಿಯೇ.

ಮುಂದಿನದು ತೆರಿಗೆ. ದೇಶದೇಶಗಳ ನಡುವಿನ ತೆರಿಗೆ ಒಪ್ಪಂದಗಳಲ್ಲಿ 183 ದಿನಗಳ ಲೆಕ್ಕ ಸಾಮಾನ್ಯ. ಅಷ್ಟು ದಿನ ದಾಟದಿದ್ದರೆ, ಸಂಬಳದ ಖರ್ಚನ್ನು ಅಲ್ಲಿನ ಶಾಖೆ ಹೊತ್ತಿರದಿದ್ದರೆ, ಅಲ್ಲಿ ತೆರಿಗೆ ಬೀಳುವುದಿಲ್ಲ. ಎರಡನೆಯ ಷರತ್ತನ್ನು ಮರೆತು ದಿನಗಳನ್ನಷ್ಟೇ ಎಣಿಸುವವರು ಎರಡೂ ಕಡೆಯ ನೋಟಿಸಿಗೆ ಸಿಕ್ಕಿಬೀಳುತ್ತಾರೆ. ಉದ್ಯೋಗಿ ಅಲ್ಲೇ ನೆಲೆಯೂರಿ ಕಂಪನಿಯ ಪರವಾಗಿ ವ್ಯವಹಾರ ಕುದುರಿಸತೊಡಗಿದರೆ, ಕಂಪನಿಗೇ ಆ ದೇಶದಲ್ಲಿ ಕಾಯಂ ನೆಲೆಯಿದೆಯೆಂದು ಅಲ್ಲಿನ ತೆರಿಗೆ ಇಲಾಖೆ ವಾದಿಸಲೂಬಹುದು.

ಭವಿಷ್ಯನಿಧಿಯದು ಬೇರೆ ಕತೆ. ಬೆಲ್ಜಿಯಂ, ಜರ್ಮನಿಯಂಥ ದೇಶಗಳೊಂದಿಗೆ ಭಾರತಕ್ಕೆ ಸಾಮಾಜಿಕ ಭದ್ರತಾ ಒಪ್ಪಂದಗಳಿವೆ. ಭವಿಷ್ಯನಿಧಿ ಸಂಸ್ಥೆಯಾದ ಇಪಿಎಫ್‌ಒದಿಂದ ‘ಸರ್ಟಿಫಿಕೇಟ್ ಆಫ್ ಕವರೇಜ್’ ಪಡೆದು ಹೋದರೆ ನಿಗದಿತ ಅವಧಿಯವರೆಗೆ ಅಲ್ಲಿ ಮತ್ತೊಮ್ಮೆ ವಂತಿಗೆ ಕಟ್ಟಬೇಕಿಲ್ಲ. ಅಮೆರಿಕದೊಂದಿಗೆ ಇಂಥ ಒಪ್ಪಂದವಿಲ್ಲ. ಅಲ್ಲಿ ಸೋಷಿಯಲ್ ಸೆಕ್ಯುರಿಟಿಯ ಪಿಂಚಣಿಗೆ ಸಾಮಾನ್ಯವಾಗಿ 10 ವರ್ಷ ದುಡಿದಿರಬೇಕು, ಎಚ್-1ಬಿ ವೀಸಾದ ಸಾಮಾನ್ಯ ಮಿತಿ 6 ವರ್ಷ. ಮಧ್ಯದಲ್ಲಿ ಮರಳಿದವರು ಕಟ್ಟಿದ ಹಣ ಹೋದಂತೆಯೇ. ಇದನ್ನು ಹೊರಡುವ ಮೊದಲೇ ತಿಳಿಸಿ ಸಂಬಳದ ಮಾತುಕತೆಯಲ್ಲಿ ಸೇರಿಸುವುದು ನ್ಯಾಯ.

ದೇಹ, ಔಷಧ, ಸೂಟ್‌ಕೇಸು

ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಒಂದೇ ಡೋಸು. ಪ್ರಮಾಣಪತ್ರ ಹತ್ತು ದಿನಗಳ ನಂತರ ಊರ್ಜಿತವಾಗುತ್ತದೆ, ಜೀವನಪೂರ್ತಿ ಸಲ್ಲುತ್ತದೆ. ‘ನಾಳಿದ್ದು ಹೊರಡು’ ಎಂದು ಹೇಳುವ ಕಂಪನಿಗೆ ಈ ಹತ್ತು ದಿನಗಳ ಲೆಕ್ಕ ಗೊತ್ತಿರಬೇಕು. ಪ್ರಮಾಣಪತ್ರವಿಲ್ಲದೆ ಅಂಥ ದೇಶದಿಂದ ನೇರ ಮರಳಿದವರನ್ನು ಭಾರತದ ವಿಮಾನ ನಿಲ್ದಾಣಗಳಲ್ಲಿ ಆರು ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇರಿಸಬಹುದು. ಮಲೇರಿಯಾಕ್ಕೆ ತಡೆಮಾತ್ರೆಗಳಿವೆ. ಹೊರಡುವ ಮೊದಲೇ ಶುರುಮಾಡಿ, ಬಂದ ಮೇಲೂ ಡಾಕ್ಟರು ಹೇಳಿದಷ್ಟು ದಿನ ನುಂಗಬೇಕು. ಆಫ್ರಿಕಾದ ಫಾಲ್ಸಿಪ್ಯಾರಮ್ ಮಲೇರಿಯಾ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. ಊರಿಗೆ ಬಂದು ಎರಡು ವಾರ ಕಳೆದ ಮೇಲೆ ಬಂದ ಜ್ವರವನ್ನು ‘ವೈರಲ್’ ಎಂದು ತಳ್ಳಿಹಾಕದೆ, ಎಲ್ಲಿಗೆ ಹೋಗಿದ್ದೆ ಎಂಬುದನ್ನು ಡಾಕ್ಟರಿಗೆ ಮೊದಲು ಹೇಳಬೇಕು.

ಸೂಟ್‌ಕೇಸಿನ ಒಳಗೂ ಕಣ್ಣಾಡಿಸಬೇಕು. ಹಬ್ಬದ ಪಾಯಸಕ್ಕೆಂದು ಮನೆಯವರು ಕಟ್ಟಿಕೊಟ್ಟ ಗಸಗಸೆ ಪೊಟ್ಟಣ ಯುಎಇಯಲ್ಲೂ ಸಿಂಗಪುರದಲ್ಲೂ ನಿಷಿದ್ಧ ಮಾದಕ ವಸ್ತುವಿನ ಸಾಲಿಗೆ ಸೇರುತ್ತದೆ. ಇಲ್ಲಿ ಡಾಕ್ಟರ ಚೀಟಿಗೆ ಸಿಗುವ ಕೊಡೀನ್ ಇರುವ ಕೆಮ್ಮಿನ ಸಿರಪ್, ನೋವಿಗೆ ಕೊಡುವ ಟ್ರಮಡಾಲ್ ಮಾತ್ರೆಗಳಿಗೆ ಯುಎಇಯಲ್ಲಿ ಮುಂಚಿತ ಅನುಮತಿ ಬೇಕು. ಮಾನಸಿಕ ಕಾಯಿಲೆಯ ಔಷಧಗಳಲ್ಲೂ ಹಲವು ಇಂಥ ನಿಯಂತ್ರಣಕ್ಕೆ ಒಳಪಟ್ಟಿವೆ. ಡಾಕ್ಟರ ಪತ್ರ, ಔಷಧದ ಮೂಲ ಹೆಸರು, ಅಂಗಡಿಯ ಬಿಲ್ಲು ಜೊತೆಗಿರಬೇಕು. ಅಲ್ಲಿನ ಕಾನೂನನ್ನೂ ಹೀಗೆಯೇ ವಸ್ತುವಸ್ತುವಾಗಿ ಹೇಳಿಕೊಡಬೇಕು. ‘ಸ್ಥಳೀಯ ಸಂಸ್ಕೃತಿಯನ್ನು ಗೌರವಿಸಿ’ ಎಂಬ ಉಪದೇಶದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬೈದರೆ, ಅನುಮತಿಯಿಲ್ಲದೆ ಇನ್ನೊಬ್ಬರ ಫೋಟೊ ತೆಗೆದರೆ ಯುಎಇಯಲ್ಲಿ ಕೇಸು ಬೀಳಬಹುದು ಎಂದರೆ ತಿಳಿಯುತ್ತದೆ.

ವಿಮೆ: ಸಣ್ಣಕ್ಷರದಲ್ಲಿರುವುದು

ಯುರೋಪಿನ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅದು ವೀಸಾ ಸಿಗಲು ಬೇಕಾದ ಕನಿಷ್ಠ, ಉದ್ಯೋಗಿಗೆ ಸಾಕಾಗುವಷ್ಟಲ್ಲ. ಪಾಲಿಸಿಯಲ್ಲಿ ನಾಲ್ಕು ವಿಷಯ ನೋಡಬೇಕು. ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ರಕ್ಷಣೆ ಇದೆಯೇ? ಸ್ಥಳೀಯ ಆಸ್ಪತ್ರೆಯಲ್ಲಿ ಸಾಧ್ಯವಾಗದಿದ್ದರೆ ಬೇರೆ ದೇಶಕ್ಕೆ ಏರ್ ಆಂಬ್ಯುಲೆನ್ಸ್‌ನಲ್ಲಿ ಸಾಗಿಸುವ ಖರ್ಚು ಸೇರಿದೆಯೇ? ಯುದ್ಧ, ದಂಗೆಗಳನ್ನು ಹೊರಗಿಟ್ಟಿದ್ದಾರೆಯೇ? ಪ್ರವಾಸ ವಿಮೆಯೋ, ಅಲ್ಲೇ ನೆಲೆಸಿ ದುಡಿಯುವವರ ವಿಮೆಯೋ? ಪ್ರವಾಸಿಗರ ಪಾಲಿಸಿ ತೆಗೆದು ಗಣಿಯಲ್ಲೋ ಎತ್ತರದ ಗೋಪುರದಲ್ಲೋ ಕೆಲಸ ಮಾಡಿಸಿದರೆ ಕ್ಲೇಮ್ ತಿರಸ್ಕೃತವಾಗುವುದು ಖಚಿತವೆಂದೇ ತಿಳಿಯಬೇಕು.

ಪಾಲಿಸಿ ಎಚ್.ಆರ್. ವಿಭಾಗದ ಫೈಲಿನಲ್ಲಿದ್ದರೆ ಉಪಯೋಗವಿಲ್ಲ. ಪಾಲಿಸಿ ಸಂಖ್ಯೆ, ವಿಮಾ ಕಂಪನಿಯ 24 ಗಂಟೆಯ ಸಹಾಯವಾಣಿ, ರಾಯಭಾರ ಕಚೇರಿಯ ಸಂಖ್ಯೆ, ರಕ್ತದ ಗುಂಪು, ಒಗ್ಗದ ಔಷಧ ಇಷ್ಟನ್ನು ಒಂದು ಕಾರ್ಡಿನಲ್ಲಿ ಇಂಗ್ಲಿಷ್‌ನಲ್ಲೂ ಆ ದೇಶದ ಭಾಷೆಯಲ್ಲೂ ಮುದ್ರಿಸಿ ಪರ್ಸಿನಲ್ಲಿಡಿಸಬೇಕು. ಮೊಬೈಲ್ ಕಳೆದಾಗ, ಪ್ರಜ್ಞೆ ತಪ್ಪಿದಾಗ ಮಾತಾಡುವುದು ಆ ಕಾರ್ಡು ಮಾತ್ರ. ಅದರ ಇನ್ನೊಂದು ಪ್ರತಿ ಮನೆಯವರ ಬಳಿಯೂ ಇರಬೇಕು.

ಅಲ್ಲಿದ್ದಾಗ

2016ರ ಮಾರ್ಚ್ 22ರಂದು ಬ್ರಸೆಲ್ಸ್‌ನ ವಿಮಾನ ನಿಲ್ದಾಣ ಮತ್ತು ಮೆಟ್ರೊದಲ್ಲಿ ಬಾಂಬ್ ಸ್ಫೋಟವಾದಾಗ ಬೆಂಗಳೂರು ಮೂಲದ ದೊಡ್ಡ ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿಯೊಬ್ಬರು ನಾಪತ್ತೆಯಾದರು. ಅವರ ಕೊನೆಯ ಫೋನ್ ಕರೆ ಮೆಟ್ರೊ ರೈಲಿನಿಂದ ಹೋಗಿತ್ತೆಂದು ಪತ್ತೆಹಚ್ಚಿದ್ದು ಭಾರತದ ರಾಯಭಾರ ಕಚೇರಿ. ಅವರು ಸತ್ತದ್ದು ಖಚಿತವಾಗಲು ದಿನಗಳೇ ಹಿಡಿದವು. ಇಂಥ ಗಳಿಗೆಯಲ್ಲಿ ಸಂಸ್ಥೆ ಮೊದಲು ಉತ್ತರಿಸಬೇಕಾದ ಪ್ರಶ್ನೆ: ಆ ಊರಿನಲ್ಲಿ ನಮ್ಮವರು ಎಷ್ಟು ಮಂದಿ, ಯಾರ್‍ಯಾರು, ಎಲ್ಲಿದ್ದಾರೆ? ಕೆಲವರು ತಾವೇ ಟಿಕೆಟ್ ಮಾಡಿಸಿಕೊಂಡಿರುತ್ತಾರೆ, ಕೆಲವರು ಹೋಟೆಲ್ ಬದಲಿಸಿರುತ್ತಾರೆ. ಪಟ್ಟಿ ದಿನದಿನವೂ ಹೊಸದಾಗುತ್ತಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಹಾಗೆಂದು ಇಪ್ಪತ್ತನಾಲ್ಕು ಗಂಟೆಯೂ ಮೊಬೈಲ್ ಮೂಲಕ ಬೆನ್ನಟ್ಟುವುದು ತರವಲ್ಲ. ವಿಳಾಸ, ಪ್ರಯಾಣದ ದಿನ, ತುರ್ತು ಸಂದೇಶಕ್ಕೆ ‘ಕ್ಷೇಮ’ ಎಂಬ ಉತ್ತರ ಇಷ್ಟು ಸಾಕು.

ಕಣ್ಣಿಗೆ ಕಾಣದ ಅಪಾಯ ಒಂಟಿತನದ್ದು. ಐದು ಗಂಟೆಗೇ ಕತ್ತಲಾಗುವ ಚಳಿಗಾಲ, ಮಾತಾಡಲು ಜನವಿಲ್ಲದ ವಾರಾಂತ್ಯ, ಇಲ್ಲಿನ ಟೀಮಿಗಾಗಿ ನಡುರಾತ್ರಿಯ ಕರೆಗಳು. ಜೊತೆಗೆ ಹೋದ ಹೆಂಡತಿಗೋ ಗಂಡನಿಗೋ ಕೆಲಸ ಮಾಡುವ ಅನುಮತಿ ಇಲ್ಲದಿದ್ದರೆ ಮನೆಯೊಳಗಿನ ಬೇಗುದಿ ಬೇರೆ. ಅರ್ಧಕ್ಕೇ ಕೆಲಸ ಬಿಟ್ಟು ಮರಳುವವರಲ್ಲಿ ಹಲವರ ಕಾರಣ ಆಫೀಸಿನಲ್ಲಿಲ್ಲ, ಮನೆಯಲ್ಲಿದೆ. ಹೊರಡುವ ಮೊದಲು ಸಂಗಾತಿಯನ್ನೂ ಕೂರಿಸಿಕೊಂಡು ಮಾತಾಡುವ ಸಂಸ್ಥೆಗಳು ಕಡಿಮೆ. ಆ ಮಾತುಕತೆಗೆ ತಗಲುವ ಖರ್ಚು ಒಂದು ಮಧ್ಯಾಹ್ನ ಮಾತ್ರ.

ಎದ್ದು ಬರಬೇಕಾದಾಗ

ಯುದ್ಧ ಶುರುವಾದರೆ ಸರ್ಕಾರ ವಿಮಾನ ಕಳಿಸುತ್ತದೆಂಬ ನಂಬಿಕೆ ಭಾರತೀಯರಲ್ಲಿ ಬಲವಾಗಿದೆ. ಅದಕ್ಕೆ ಆಧಾರವೂ ಇದೆ. 1990ರಲ್ಲಿ ಕುವೈತ್ ಬಿಕ್ಕಟ್ಟಿನ ವೇಳೆ 1.7 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಕರೆತರಲಾಯಿತು. 2015ರಲ್ಲಿ ಯೆಮನ್‌ನಿಂದ ‘ಆಪರೇಷನ್ ರಾಹತ್’, 2022ರಲ್ಲಿ ಉಕ್ರೇನ್‌ನಿಂದ ‘ಆಪರೇಷನ್ ಗಂಗಾ’ ನಡೆದವು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಹೊತ್ತಿಕೊಂಡಾಗ ‘ಆಪರೇಷನ್ ಕಾವೇರಿ’ ಮೂಲಕ 3,800ಕ್ಕೂ ಹೆಚ್ಚು ಭಾರತೀಯರು ಮರಳಿದರು. ಅಲ್ಲಿ ಸಿಲುಕಿದ್ದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು.

ಆದರೆ ಸುಡಾನ್‌ನಲ್ಲಿದ್ದವರನ್ನು ಕರೆತರುವ ಹಡಗು ಬಂದದ್ದು ಪೋರ್ಟ್ ಸುಡಾನ್‌ಗೆ. ಖಾರ್ಟೂಮ್‌ನಿಂದ ಅದು ಸುಮಾರು 800 ಕಿ.ಮೀ. ರಸ್ತೆ. ಬಸ್ಸು, ಡೀಸೆಲ್, ನಗದು ಹಣ, ಕುಡಿಯುವ ನೀರು ಎಲ್ಲವೂ ಬೇಕು. ಮಾಲೀಕನ ಬೀರುವಿನಲ್ಲಿ ಪಾಸ್‌ಪೋರ್ಟ್ ಸಿಕ್ಕಿಹಾಕಿಕೊಂಡಿದ್ದರೆ ದಾರಿ ಇನ್ನೂ ದೂರ. ಆದ್ದರಿಂದ ಯಾವ ಹಂತದಲ್ಲಿ ಹೊಸಬರನ್ನು ಕಳಿಸುವುದು ನಿಲ್ಲಿಸಬೇಕು, ಯಾವ ಹಂತದಲ್ಲಿ ಕುಟುಂಬದವರನ್ನು, ಯಾವ ಹಂತದಲ್ಲಿ ಎಲ್ಲರನ್ನೂ ಹೊರತರಬೇಕು ಎಂಬುದನ್ನು ಶಾಂತಿಯ ದಿನಗಳಲ್ಲೇ ಬರೆದಿಡಬೇಕು. ವಿಮಾನಗಳು ಹಾರುತ್ತಿರುವಾಗ ಹೊರಡುವುದು ಟಿಕೆಟ್ಟಿನ ಖರ್ಚು, ನಿಂತ ಮೇಲೆ ಹೊರಡುವುದು ಪ್ರಾಣದ ಪ್ರಶ್ನೆ. ಲಿಬಿಯಾ ಬಿಟ್ಟು ಬರುವಂತೆ ಭಾರತ ಸರ್ಕಾರ 2014ರಲ್ಲೇ ಸೂಚಿಸಿತ್ತು. 2015ರ ಜುಲೈನಲ್ಲಿ ಸಿರ್ತ್ ನಗರದ ವಿಶ್ವವಿದ್ಯಾಲಯದ ನಾಲ್ವರು ಭಾರತೀಯರ ಅಪಹರಣವಾಯಿತು. ಕರ್ನಾಟಕದ ಇಬ್ಬರು ಬೇಗ ಬಿಡುಗಡೆಯಾದರು. ಉಳಿದಿಬ್ಬರು ಹೊರಬರಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಬಂಧನವಾದರೆ ತನ್ನ ದೇಶದ ಕಾನ್ಸುಲೇಟ್‌ಗೆ ತಿಳಿಸಿ ಎಂದು ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದ ಪ್ರಕಾರ ಎಲ್ಲರಿಗೂ ಇದೆ. ಅರ್ಥವಾಗದ ಭಾಷೆಯ ಯಾವ ಕಾಗದಕ್ಕೂ ಸಹಿ ಹಾಕಬಾರದು. ಸಾವು ಸಂಭವಿಸಿದರೆ ಮರಣ ಪ್ರಮಾಣಪತ್ರ, ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ಶವ ಸಂರಕ್ಷಣೆಯ ಪ್ರಮಾಣಪತ್ರ, ರದ್ದುಪಡಿಸಿದ ಪಾಸ್‌ಪೋರ್ಟ್ ಇವೆಲ್ಲ ಬೇಕು. ದುಃಖದಲ್ಲಿರುವ ಮನೆಯವರನ್ನು ಇದಕ್ಕಾಗಿ ಅಲೆದಾಡಿಸದೆ ಸಂಸ್ಥೆಯ ಒಬ್ಬ ಅಧಿಕಾರಿ ಕೊನೆಯವರೆಗೂ ಜೊತೆಗಿರಬೇಕು. ಯಾರು ಆ ಅಧಿಕಾರಿ ಎಂಬುದೂ ಮೊದಲೇ ನಿಶ್ಚಯವಾಗಿರಬೇಕು.

ಕಾರ್ಮಿಕರ ವಿಷಯದಲ್ಲಿ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ (ವಲಸೆ ಪರಿಶೀಲನೆ ಅಗತ್ಯವಿರುವ) ವರ್ಗಕ್ಕೆ ಸೇರುತ್ತದೆ. ಕೊಲ್ಲಿ ರಾಷ್ಟ್ರಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಇವರಿಗೆ 1983ರ ವಲಸೆ ಕಾಯ್ದೆಯಡಿ ಅನುಮತಿ ಬೇಕು. ಅದು ‘ಇ-ಮೈಗ್ರೇಟ್’ ವ್ಯವಸ್ಥೆಯ ಮೂಲಕ ಸಿಗುತ್ತದೆ. ವಿಸಿಟ್ ವೀಸಾದಲ್ಲಿ ಕರೆದೊಯ್ದು ‘ಅಲ್ಲಿ ಹೋದಮೇಲೆ ಬದಲಿಸೋಣ’ ಎನ್ನುವ ಏಜೆಂಟ್ ಈ ರಕ್ಷಣೆಯನ್ನೇ ಕಿತ್ತುಕೊಳ್ಳುತ್ತಾನೆ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಇವರಿಗೆ ಕಡ್ಡಾಯವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದಿಂದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ ಸಿಗುತ್ತದೆ. ಕಂತು ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ, ತೆರಿಗೆ ಪ್ರತ್ಯೇಕ. ದೂರುಗಳಿಗೆ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್ ಇದೆ. ಎಷ್ಟೋ ಕುಟುಂಬಗಳು ಈ ವಿಮೆಯ ಹಣವನ್ನು ಕೇಳದಿರಲು ಕಾರಣ, ಪಾಲಿಸಿ ಇದೆಯೆಂದೇ ಅವರಿಗೆ ಗೊತ್ತಿಲ್ಲದಿರುವುದು.

ಮರಳಿದ ಮೇಲೆ

ಉದ್ಯೋಗಿ ಊರಿಗೆ ಬಂದ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ. ಆರೋಗ್ಯ ತಪಾಸಣೆ, ಎರಡೂ ದೇಶಗಳ ತೆರಿಗೆ ಲೆಕ್ಕ, ಹಳೆಯ ಜಾಗದಲ್ಲೋ ಹೊಸದರಲ್ಲೋ ಕೆಲಸದ ಖಾತ್ರಿ ಇವು ಬಾಕಿ ಇರುತ್ತವೆ. ಅದಕ್ಕಿಂತ ಮುಖ್ಯವಾದದ್ದು ಅವರ ಅನುಭವವನ್ನು ಬರೆಸಿಕೊಳ್ಳುವುದು. ಯಾವ ಹೋಟೆಲ್‌ನ ತುರ್ತು ಬಾಗಿಲಿಗೆ ಬೀಗವಿತ್ತು, ಯಾವ ರಸ್ತೆ ಕೆಟ್ಟದ್ದು, ಯಾವ ಆಸ್ಪತ್ರೆಯಲ್ಲಿ ಕನ್ನಡವೋ ಹಿಂದಿಯೋ ಬಲ್ಲ ನರ್ಸ್ ಇದ್ದರು ಎಂಬುದು ಯಾವ ಸಲಹಾ ಸಂಸ್ಥೆಯ ವರದಿಯಲ್ಲೂ ಸಿಗುವುದಿಲ್ಲ.

ಹೊರಡಲಿರುವವರು ಟಿಕೆಟ್ ಕೈಗೆ ಬರುವ ಮೊದಲೇ ಐದು ಪ್ರಶ್ನೆ ಕೇಳಲಿ. ನನ್ನ ವೀಸಾದಲ್ಲಿ ಈ ಕೆಲಸ ಮಾಡಬಹುದೇ? ನನ್ನ ವಿಮೆ ಏನನ್ನು ಹೊರಗಿಟ್ಟಿದೆ? ನಾನಿರುವ ಕಟ್ಟಡವನ್ನು ಯಾರು ನೋಡಿ ಬಂದಿದ್ದಾರೆ? ನಡುರಾತ್ರಿ ಯಾರಿಗೆ ಫೋನ್ ಮಾಡಬೇಕು? ಬೇಡ ಅನ್ನಿಸಿದರೆ, ಕೆಲಸಕ್ಕೆ ಕುತ್ತು ಬಾರದಂತೆ, ಬೇಡ ಎನ್ನಬಹುದೇ? ಐದಕ್ಕೂ ಬರವಣಿಗೆಯಲ್ಲಿ ಉತ್ತರ ಕೊಡುವ ಸಂಸ್ಥೆಯೊಂದಿಗೆ ಧೈರ್ಯವಾಗಿ ಹೋಗಬಹುದು. ಉತ್ತರ ಬಾರದಿದ್ದರೆ, ಬರುವ ತನಕ ಪ್ರಯಾಣವನ್ನು ಮುಂದೂಡುವುದೇ ಸರಿ.